ಅತ್ತೆಗೆ ಮಾಡಿಟ್ಟ ಕೈಮಾ

ಮಾಸ್ತಮ್ಮನ ಕೆಳದವಡೆಯ ಎಡಭಾಗವನ್ನು ಡಾಕ್ಟರು ತೆಗೆದುಹಾಕಿ ಹದಿನಾಲ್ಕು ತಿಂಗಳಾಗಿತ್ತು. ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತ ನಲವತ್ತು ವರ್ಷ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಜಗಿದ ಬಾಯಿ ಅದು. ಕ್ಯಾನ್ಸರ್ ಹೋಯಿತು ಅಂದರು. ಅದರ ಜೊತೆಗೆ ಹಲ್ಲು, ಅರ್ಧ ಮಾತು, ವಾಸನೆ ಹಿಡಿಯುವ ಮೂಗು ಎಲ್ಲ ಹೋಯಿತು. ಆಕೆ ಮಾತಾಡಿದರೆ ಅರ್ಥವಾಗುತ್ತಿದ್ದದ್ದು ಸೊಸೆ ಕವನಳಿಗೆ ಮಾತ್ರ.

ಭದ್ರಾವತಿಯ ಜನ್ನಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಮಾಸ್ತಮ್ಮನ ಮಗ ಭೀಮೇಶ್ ಎರಡು ವರ್ಷದ ಹಿಂದೆ ಕವನಳನ್ನು ಬಿಟ್ಟು, ಶಿವಮೊಗ್ಗದ ಹೊಸಮನೆಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಬಾಡಿಗೆಗೆ ಗೂಡ್ಸ್ ಆಟೋ ಓಡಿಸುತ್ತಿದ್ದ. ತಾಯಿಯನ್ನು ಕರೆದುಕೊಂಡು ಹೋಗಲು ಒಮ್ಮೆ ಅದೇ ಆಟೋ ತಂದಿದ್ದ. ಆಗ ಮಾಸ್ತಮ್ಮನಿಗೆ ಇನ್ನೂ ಮಾತು ನೆಟ್ಟಗಿತ್ತು. "ನಿನ್ನ ಮನೆ ನೀರೂ ನನಗೆ ಬೇಡ. ನಾನು ನನ್ನ ಸೊಸೆ ಹತ್ರಾನೇ ಇರ್ತೀನಿ" ಎಂದು ಬೀದಿಯವರೆಲ್ಲ ಕೇಳುವಂತೆ ಹೇಳಿ ಬಾಗಿಲು ಹಾಕಿಕೊಂಡಿದ್ದಳು. ಮದುವೆಯಾದ ಹೊಸದರಲ್ಲಿ ಕವನ ಮಾಡಿದ ಸಾರನ್ನು ಚೆಲ್ಲಿ, ಬೇರೆ ಮಾಡಿಕೊಂಡು ಉಣ್ಣುತ್ತಿದ್ದ ಹೆಂಗಸು ಅವಳೇ. ಆ ದಿನ ಬಾಗಿಲ ಒಳಗೆ ನಿಂತಿದ್ದ ಕವನ ಮೊದಲ ಸಲ ಅವಳ ಕೈ ಹಿಡಿದುಕೊಂಡು ಅತ್ತಿದ್ದಳು.

ಕವನ ಶಿವಮೊಗ್ಗದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ಏಳು ಗಂಟೆಗೆ ಬಸ್ಸು ಹಿಡಿದರೆ ಮನೆಗೆ ಬರುವುದು ಸಂಜೆ ಆರೂವರೆಗೆ. ದವಡೆಯ ಆಪರೇಷನ್ ಆದಮೇಲೆ ಮಾಸ್ತಮ್ಮನ ಎಡಗೈಗೆ ಶಕ್ತಿ ಇರಲಿಲ್ಲ. ಒಮ್ಮೆ ಗ್ಯಾಸ್ ಹಚ್ಚಲು ಹೋಗಿ ಸೆರಗಿಗೆ ಬೆಂಕಿ ತಾಗಿತ್ತು. ಅಂದಿನಿಂದ ಬೆಳಿಗ್ಗೆ ಮಾಡಿಟ್ಟ ಗಂಜಿಯನ್ನೇ ಮಧ್ಯಾಹ್ನ ತಣ್ಣಗೆ ಕುಡಿಯುತ್ತಿದ್ದಳು. ದಿನದಿನಕ್ಕೆ ಇಳಿದುಹೋಗುತ್ತಿದ್ದಳು.

"ಒಂದ್ಸಲ ಬಾಡು ತಿನ್ಬೇಕು ಕಣೇ" ಎಂದಳು ಒಂದು ದಿನ. "ಬರೀ ಗಂಜಿ ಕುಡಿದು ಸಾಯೋಕೆ ನನ್ನ ಕೈಲಾಗಲ್ಲ."

ಕವನ ಕೈಮಾ ತಂದು ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿದಳು. ಅದು ಮರಳಿನಂತೆ ಕಾಳುಕಾಳಾಗಿ ಗಂಟಲಿಗೆ ಸಿಕ್ಕಿಕೊಂಡಿತು. ಕಾರ್ಖಾನೆಯಲ್ಲಿ ಪಕ್ಕದ ಮಷಿನಿನ ರಂಜಿನಿಗೆ ಇದನ್ನು ಹೇಳಿದಾಗ, ಅವಳು ಮಾರನೆಯ ವಾರ ಒಂದು ಸ್ಲೋ ಕುಕ್ಕರ್ ತಂದುಕೊಟ್ಟಳು. ದುಬೈನಿಂದ ಬಂದ ಅವಳ ಅಕ್ಕ ಒಂದು ದಿನವೂ ಬಳಸದೆ ಅಟ್ಟಕ್ಕೆ ಹಾಕಿದ್ದಳಂತೆ. ಒಳಗೆ ದಪ್ಪ ಪಿಂಗಾಣಿಯ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಪ್ಲಗ್ ಹಾಕಿ ಬಿಟ್ಟರೆ ಏಳೆಂಟು ಗಂಟೆ ಸಣ್ಣ ಕಾವಿನಲ್ಲಿ ತಾನೇ ಬೇಯುತ್ತದೆ, ಹೊತ್ತುವ ಭಯವಿಲ್ಲ.

ಆಮೇಲೆ ಪ್ರತಿ ಭಾನುವಾರ ಕವನ ಕುರಿ ಕೈಮಾ ತರುತ್ತಿದ್ದಳು. ಎರಡು ಸಲ ಕೊಚ್ಚಿಸುತ್ತಿದ್ದಳು. ಸಂಜೆ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ನುಣ್ಣಗೆ ರುಬ್ಬಿ ಕಲಸಿ ಫ್ರಿಜ್ಜಿನಲ್ಲಿಡುತ್ತಿದ್ದಳು. ಬಾಯಿ ಉರಿಯುತ್ತದೆಂದು ಮೆಣಸಿನಕಾಯಿ ಇಲ್ಲ. ತೆಂಗಿನಹಾಲು, ಹುರಿಗಡಲೆ ಪುಡಿ. ಸೋಮವಾರ ಬೆಳಿಗ್ಗೆ ಹೊರಡುವ ಮುಂಚೆ ಕುಕ್ಕರಿಗೆ ಸುರಿದು ಸ್ವಿಚ್ ಹಾಕುವಳು. ಮಧ್ಯಾಹ್ನ ಎರಡು ಗಂಟೆಗೆ ಮಾಸ್ತಮ್ಮ ಸೌಟಿನಿಂದ ಬಡಿಸಿಕೊಂಡು, ಮೆತ್ತಗಿನ ಅನ್ನಕ್ಕೆ ಕಲಸಿ ಉಣ್ಣುವಳು. ಮೊದಲನೆಯ ಸೋಮವಾರ ಸಂಜೆ ಕವನ ಬಂದಾಗ ಬಾಗಿಲಲ್ಲೇ ಕಾಯುತ್ತಿದ್ದಳು.

"ಬೆಣ್ಣೆ ಥರ ಇತ್ತು ಮಗಾ" ಎಂದಳು. ಹೊಲಿಗೆ ಹಾಕಿದ ಮುಖದಲ್ಲಿ ನಗು ಒಂದೇ ಕಡೆಗೆ ಏರಿತ್ತು.

ಮೂರು ತಿಂಗಳಲ್ಲಿ ಮೂರು ಕೆ.ಜಿ. ತೂಕ ಬಂತು.

ಏಪ್ರಿಲಿನ ಒಂದು ಭಾನುವಾರ ಸಂಜೆ ಕವನ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಬೀದಿಯ ಹೆಂಗಸರ ಗ್ರೂಪಿಗೆ ಮೆಸೇಜ್ ಬಂತು. ಲೈನ್ ಕೆಲಸ ಇರುವುದರಿಂದ ನಾಳೆ ಬೆಳಿಗ್ಗೆ ಎಂಟರಿಂದ ಒಂದು ಗಂಟೆವರೆಗೆ ಕರೆಂಟ್ ಇರುವುದಿಲ್ಲ. ಕವನ ಅದನ್ನು ಓದಿದಳು. ಎದ್ದುಹೋಗಿ ಬಕೆಟ್ಟು, ಕೊಡ, ಹಂಡೆಗಳಿಗೆಲ್ಲ ನೀರು ತುಂಬಿಸಿದಳು. ನೀರಿನ ಯೋಚನೆ ಬಂತು, ಕೈಮಾದ ಯೋಚನೆ ಬರಲಿಲ್ಲ. ಬೆಳಿಗ್ಗೆ ಎಂದಿನಂತೆ ಫ್ರಿಜ್ಜಿನಿಂದ ತೆಗೆದ ಕೈಮಾವನ್ನು ಕುಕ್ಕರಿಗೆ ಹಾಕಿ, ಸ್ವಿಚ್ ಒತ್ತಿ, "ಬರ್ತೀನಿ ಅತ್ತೆ" ಎಂದು ಹೊರಟಳು.

ನೆನಪಾದದ್ದು ಹತ್ತೂವರೆಗೆ, ಮಷಿನಿನ ಮುಂದೆ. ರಂಜಿನಿ ತನ್ನ ಮನೆಯ ಟ್ಯಾಂಕಿನಲ್ಲಿ ನೀರಿಲ್ಲ ಎಂದು ಗೊಣಗುತ್ತಿದ್ದಳು. ಕವನಳ ಕೈ ಅಲ್ಲೇ ನಿಂತಿತು. ಎಂಟು ಗಂಟೆಯಿಂದ ಕೈಮಾ ಅರೆಬೆಂದು ಸೆಕೆಯಲ್ಲಿ ಕೂತಿತ್ತು. ಫೋನುಗಳೆಲ್ಲ ಲಾಕರಿನಲ್ಲಿರುತ್ತಿದ್ದವು.

"ಸಾರ್, ಒಂದು ಫೋನ್ ಮಾಡ್ಬೇಕಿತ್ತು, ಅರ್ಜೆಂಟು" ಎಂದು ಸೂಪರ್‌ವೈಸರನ್ನು ಕೇಳಿದಳು.

"ಯಾರಿಗಾದ್ರೂ ಹುಷಾರಿಲ್ವಾ?"

"ಹಂಗೇನಿಲ್ಲ ಸಾರ್. ಮನೇಲಿ ಅಡುಗೆ..."

ಅವನು ನಕ್ಕುಬಿಟ್ಟ. "ಊಟಕ್ಕೆ ಬಿಟ್ಟಾಗ ಮಾಡಮ್ಮ."

ಹನ್ನೆರಡೂವರೆಗೆ ಊಟಕ್ಕೆ ಬಿಟ್ಟಾಗ ಮನೆಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ತನ್ನ ಮಾತು ಯಾರಿಗೂ ತಿಳಿಯುವುದಿಲ್ಲ ಎಂಬ ನಾಚಿಕೆಗೆ ಮಾಸ್ತಮ್ಮ ಫೋನನ್ನೇ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಪ್ರೇಮಮ್ಮನಿಗೆ ಮಾಡಿದಳು.

"ನಾನು ತರೀಕೆರೆಗೆ ಮದುವೆಗೆ ಬಂದಿದ್ದೀನಲ್ಲ ಮಾರಾಯ್ತಿ. ಸಂಜೆ ಬರ್ತೀನಿ. ಏನಾಗಿತ್ತು?"

"ಏನಿಲ್ಲ ಬಿಡಿ ಪ್ರೇಮಕ್ಕ."

ಅರ್ಧ ದಿನ ರಜೆ ಹಾಕಿ ಹೊರಟರೆ, ಅತ್ತೆ ಎರಡು ಗಂಟೆಗೆ ಉಣ್ಣುವ ಮುಂಚೆ ಮನೆ ಸೇರಬಹುದಿತ್ತು. ಆಸ್ಪತ್ರೆಗೆಂದು ಹಾಕಿದ ರಜೆಗಳೇ ಜಾಸ್ತಿಯಾಗಿದ್ದವು. ಇನ್ನು ಕೇಳಿದರೆ ಕೆಲಸಕ್ಕೇ ಬರಬೇಡ ಅಂದಾರು. ಕವನ ಐದು ನಿಮಿಷ ಗೇಟಿನ ಕಡೆ ನೋಡುತ್ತ ನಿಂತಳು. ಮುಚ್ಚಳ ಹಾಕಿದೆಯಲ್ಲ, ದಪ್ಪ ಪಾತ್ರೆ, ಅಷ್ಟು ಬೇಗ ಆರುವುದಿಲ್ಲ; ಒಂದು ಗಂಟೆಗೆ ಕರೆಂಟ್ ಬಂದರೆ ಮತ್ತೆ ಬಿಸಿಯಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಕೈ ತೊಳೆದುಕೊಂಡು ಮಷಿನಿಗೆ ವಾಪಸಾದಳು.

ಸಂಜೆ ಬಂದಾಗ ಮಾಸ್ತಮ್ಮ ಚಾಪೆಯ ಮೇಲೆ ಮಲಗಿದ್ದಳು. ತಟ್ಟೆ ಖಾಲಿಯಾಗಿತ್ತು.

"ಉಂಡ್ರಾ ಅತ್ತೆ?"

"ಉಂಡೆ. ಇವತ್ತು ಉಗುರುಬೆಚ್ಚಗಿತ್ತು ಅಷ್ಟೆ."

"ಬೆಂದಿತ್ತಾ?"

"ಬಾಯಿಗೇನು ಗೊತ್ತಾಗುತ್ತೆ ಮಗಾ. ನೀನು ಕಷ್ಟಪಟ್ಟು ಮಾಡಿಟ್ಟಿದ್ದೆ, ಉಂಡೆ."

ಕವನ ಮುಚ್ಚಳ ತೆಗೆದಳು. ಕರೆಂಟ್ ಬಂದ ಮೇಲೆ ಮತ್ತೆ ಕಾಯ್ದು ಕುದಿಯುತ್ತಿತ್ತು. ಆದರೂ ಹಬೆಯಲ್ಲಿ ಒಂದು ಹುಳಿ ವಾಸನೆ ಇತ್ತು. ಉಳಿದದ್ದನ್ನೆಲ್ಲ ಹಿತ್ತಲಿಗೆ ಒಯ್ದು ಚೆಲ್ಲಿದಳು. ಒಳಗೆ ಬರುವಷ್ಟರಲ್ಲಿ ಅತ್ತೆ ಬಚ್ಚಲಿನ ಗೋಡೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು.

ಉಪ್ಪು ಸಕ್ಕರೆ ನೀರು ಕುಡಿಸಿದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಭೇದಿ ಹತ್ತಿಕೊಂಡಿತು. ಆಟೋ ಕರೆಸಿ ಹತ್ತಿರದ ಆಸ್ಪತ್ರೆಗೆ ಸೇರಿಸಿದಳು. ಮಾರನೆಯ ಬೆಳಿಗ್ಗೆ ಅಲ್ಲಿಂದ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ಮೊದಲೇ ಸೋತ ದೇಹ, ಕಿಡ್ನಿ ಕೈಕೊಡುತ್ತಿದೆ ಎಂದರು ಡಾಕ್ಟರು. ಏನು ತಿಂದಿದ್ದರು ಎಂದು ಕೇಳಿದಾಗ ಕವನ ಕೈಮಾದ ವಿಷಯ ಹೇಳಿದಳು. ಕರೆಂಟ್ ಹೋದದ್ದನ್ನೂ ಹೇಳಿದಳು. ಮೆಸೇಜಿನ ವಿಷಯ ಬಾಯಿಗೆ ಬರಲಿಲ್ಲ.

ಬುಧವಾರ ಮಧ್ಯಾಹ್ನ ಮಾಸ್ತಮ್ಮ ತೀರಿಕೊಂಡಳು. ಕೊನೆಗೆ ನೀರು ಕೇಳಿದಳು. ಕವನ ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಒತ್ತಿದಳು.

ಸುದ್ದಿ ಕೇಳಿ ಭೀಮೇಶ್ ಬಂದ. ವಾರ್ಡಿನ ಹೊರಗೆ ಜನರ ನಡುವೆ ನಿಂತು ಕಿರುಚಿದ: "ಇವಳೇ ಏನೋ ಹಾಕಿ ಕೊಂದಿದ್ದಾಳೆ! ನನ್ನ ಮೇಲಿನ ಸಿಟ್ಟನ್ನ ಅವ್ವನ ಮೇಲೆ ತೀರಿಸ್ಕೊಂಡ್ಲು!"

ಪೊಲೀಸಿನವರು ಬಂದರು. ಸುದ್ದಿ ತಿಳಿದು ಆಸ್ಪತ್ರೆಗೆ ಬಂದಿದ್ದ ಪ್ರೇಮಮ್ಮ ಮುಂದೆ ಬಂದು, "ಆ ದಿನ ಬೀದಿಗೆಲ್ಲ ಕರೆಂಟ್ ಇರ್ಲಿಲ್ಲ ಸಾರ್. ಇವಳು ಕೆಲಸಕ್ಕೆ ಹೋಗಿದ್ಲು, ಇವಳಿಗೆ ಹೆಂಗೆ ಗೊತ್ತಾಗುತ್ತೆ?" ಎಂದಳು. ಬರೆದುಕೊಳ್ಳುತ್ತಿದ್ದ ಪೇದೆ ತಲೆಯಾಡಿಸಿದ. ಅಲ್ಲಿಗೆ ಮುಗಿಯುತ್ತಿತ್ತು.

"ನನಗೆ ಗೊತ್ತಿತ್ತು" ಎಂದಳು ಕವನ. "ಹಿಂದಿನ ದಿನವೇ ಮೆಸೇಜ್ ಓದಿದ್ದೆ. ಮರೆತೆ. ಕಾರ್ಖಾನೇಲಿ ನೆನಪಾಯ್ತು. ಆದ್ರೂ ಬರ್ಲಿಲ್ಲ."

ಪ್ರೇಮಮ್ಮ ಅವಳ ತೋಳು ಹಿಡಿದು ಎಳೆದಳು. ಪೇದೆ ಅದನ್ನೂ ಬರೆದುಕೊಂಡ.

ಪೋಸ್ಟ್‌ಮಾರ್ಟಂನಲ್ಲಿ ಕೆಟ್ಟ ಆಹಾರ ಎಂದೇ ಬಂತು. ಬೇಕೆಂದು ಮಾಡಿದ್ದಲ್ಲ ಎಂದು ಪೊಲೀಸಿನವರು ಮುಂದುವರಿಸಲಿಲ್ಲ. ಹೆಣವನ್ನು ಭೀಮೇಶ್ ಹೊಸಮನೆಗೆ ಒಯ್ದ. ಅಂಗಳಕ್ಕೆ ಬಂದ ಕವನಳನ್ನು ಅವನ ಕಡೆಯವರು ಒಳಗೆ ಬಿಡಲಿಲ್ಲ. ಚಟ್ಟ ಕಟ್ಟುವವರೆಗೂ ಅವಳು ಎದುರು ಮನೆಯ ಕಾಂಪೌಂಡಿಗೆ ಒರಗಿ ನಿಂತಿದ್ದಳು. ಆ ಮನೆಯ ನೀರೂ ಬೇಡ ಅಂದವಳ ಬಾಯಿಗೆ ಅಲ್ಲಿಯ ನೀರನ್ನೇ ಬಿಟ್ಟರು.

ಹನ್ನೊಂದರ ದಿನ ಕಳೆದು ನಾಲ್ಕು ದಿನಕ್ಕೆ ಭೀಮೇಶ್ ಜನ್ನಾಪುರಕ್ಕೆ ಬಂದ. ತಾಯಿಯ ಸೀರೆಗಳನ್ನು ಒಯ್ಯಬೇಕು ಎಂದ. ಕವನ ಗಂಟು ಕಟ್ಟಿ ಕೊಟ್ಟಳು. ಅವನು ಹೋಗದೆ ಮೆಟ್ಟಿಲ ಮೇಲೆ ಕೂತ. ತಲೆ ಬೋಳಿಸಿದ್ದರಿಂದ ಮುಖ ತಾಯಿಯ ಹಾಗೇ ಕಾಣುತ್ತಿತ್ತು.

"ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಹೇಳ್ದೆ?"

"ನನಗೆ ಗೊತ್ತಿತ್ತಲ್ಲ."

ಅವನು ನೆಲ ನೋಡುತ್ತ ಕೇಳಿದ: "ಅವ್ವ ನನ್ನ ಕೇಳಿದ್ಲಾ? ಆಸ್ಪತ್ರೇಲಿ?"

ಕೇಳಿದರು ಅಂದುಬಿಡಬಹುದಿತ್ತು. ಕವನಳಿಗೆ ಅದು ನಾಲಿಗೆಯ ತುದಿಯವರೆಗೂ ಬಂತು.

"ಇಲ್ಲ" ಎಂದಳು.

ಭೀಮೇಶ್ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಇವನು ಹೀಗೆ ಅಳುವುದನ್ನು ನೋಡಬೇಕೆಂದು ಎರಡು ವರ್ಷದಿಂದ ಅವಳು ಎಷ್ಟು ಸಲ ಅಂದುಕೊಂಡಿದ್ದಳೋ. ಈಗ ನೋಡುತ್ತ ನಿಂತರೆ ಏನೂ ಅನ್ನಿಸಲಿಲ್ಲ. ಸಮಾಧಾನ ಹೇಳಲೂ ಆಗಲಿಲ್ಲ. ಅವನು ಎದ್ದು ಮುಖ ಒರೆಸಿಕೊಂಡು ಹೋದ.

ಸೋಮವಾರ ಕವನ ಕೆಲಸಕ್ಕೆ ಹೋದಳು. ಊಟಕ್ಕೆ ಬಿಟ್ಟಾಗ ರಂಜಿನಿ ತನ್ನ ಡಬ್ಬಿಯ ಮುಚ್ಚಳಕ್ಕೆ ಚಿತ್ರಾನ್ನ ಹಾಕಿ ಅವಳ ಮುಂದೆ ಸರಿಸಿದಳು. "ತಿನ್ನೇ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಬೇಡ ಅನ್ನಲು ಬಾಯಿ ತೆರೆದಳು. ಆದರೆ ಹೊಟ್ಟೆ ಹಸಿದಿತ್ತು. ಕವನ ಮುಚ್ಚಳವನ್ನು ಹತ್ತಿರಕ್ಕೆ ಎಳೆದುಕೊಂಡು ಪೂರ್ತಿ ತಿಂದಳು. ಅಷ್ಟು ಹಸಿವಾಗಿದ್ದಕ್ಕೆ ನಾಚಿಕೆಯಾಗಿ, ತಲೆಯೆತ್ತದೆ ತಿಂದಳು.