ಶಾಂತ ಅನ್ನಬಾರದ ಜಾಗ

"ಅಕ್ಕಾ, ಈಗ ಎಡಕ್ಕೆ ತಿರುಗಿಸ್ತೀವಿ," ಅಂದಳು ಪುಟ್ಟಿ, ಹೆಣಕ್ಕೆ.

ಪ್ರಜ್ಞೆ ಇಲ್ಲದವರ ಮೈಯನ್ನೂ ಹೇಳದೆ ಮುಟ್ಟಬಾರದು ಅಂತ ಐಸಿಯುನಲ್ಲಿ ಅವಳಿಗೆ ಕಲಿಸಿದ್ದು ಈಗ ಮಂಚದ ಮೇಲಿದ್ದ ಹಿರಿಯ ನರ್ಸು ದೊಡ್ಡಕ್ಕನೇ. ಇನ್ನಿಬ್ಬರು ನರ್ಸುಗಳು ಭುಜ, ಸೊಂಟ ಹಿಡಿದು ತಿರುಗಿಸಿದರು. ಮೂವರೂ ರಾತ್ರಿ ಪಾಳಿ ಮುಗಿಸಿ ಸೀದಾ ದೊಡ್ಡಕ್ಕನ ಮನೆಗೆ ಬಂದಿದ್ದರು. ಅದರಲ್ಲೂ ಪುಟ್ಟಿ ಹಗಲು ಪಾಳಿಯ ಬೆನ್ನಿಗೇ ರಾತ್ರಿಯದನ್ನೂ ಮಾಡಿದ್ದಳು, ಬದಲಿಗೆ ಬರಬೇಕಾದವಳು ಬರದಿದ್ದಕ್ಕೆ.

ಬಟ್ಟೆ ಬದಲಿಸುವಾಗ ಎಡ ಪಕ್ಕೆಯ ಕೆಳಗೆ ಪುಟ್ಟಿಯ ಬೆರಳಿಗೆ ಏನೋ ತಾಗಿತು. ಗುಂಡಗಿನ ಸ್ಟಿಕ್ಕರ್, ನಡುವೆ ಲೋಹದ ಗುಂಡಿ. ರೋಗಿಯ ಎದೆಗೆ ಅಂಟಿಸಿ ಮಾನಿಟರಿನ ವೈರು ಸಿಕ್ಕಿಸುವಂಥದ್ದು. ಅಂಟಿಸಿದವಳು ಪುಟ್ಟಿಯೇ, ನಿನ್ನೆ ಮಧ್ಯಾಹ್ನ. ಉಳಿದವನ್ನು ದೊಡ್ಡಕ್ಕ ಕಿತ್ತಿದ್ದಳು, ಅವಸರದಲ್ಲಿ ಇದೊಂದು ಉಳಿದುಹೋಗಿತ್ತು. ಪುಟ್ಟಿ ಅದನ್ನು ಮೆಲ್ಲಗೆ ಬಿಡಿಸಿ ಜೇಬಿಗೆ ಹಾಕಿಕೊಂಡಳು.

ಹೊರಗಿನ ಕೋಣೆಯಲ್ಲಿ ದೊಡ್ಡಕ್ಕನ ಒಡಹುಟ್ಟಿದ ಅಕ್ಕ ದನಿ ಏರಿಸಿದ್ದಳು. "ಒಂದೇ ಮನೇಲಿದ್ದೀಯ. ಹೆಂಡ್ತಿಗೆ ಎದೆನೋವು ಅಂತ ನಿಂಗೆ ಗೊತ್ತಾಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಸುಸ್ತು ಅಂದ್ಲು," ಅಂದ ಗಂಡ. ಶಾಲಾ ಬಸ್ಸಿನ ಡ್ರೈವರ್ ಅವನು. ಸ್ಟೀರಿಂಗ್ ಹಿಡಿಯುವ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಒತ್ತಿಕೊಂಡಿದ್ದ. "ಗ್ಯಾಸ್ ಇರ್ಬೇಕು, ಬಿಸಿನೀರು ಕುಡಿದು ಮಲ್ಕೋ ಅಂದೆ. ಬೆಳಗ್ಗೆ ನೋಡಿದ್ರೆ..."

"ಗ್ಯಾಸಂತೆ! ನನ್ನ ತಂಗೀನ ಕೊಂದುಬಿಟ್ಟೆ ನೀನು."

ಆ ಮಾತನ್ನು ಅವನು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಪುಟ್ಟಿ ಜೇಬಿನೊಳಗೆ ಸ್ಟಿಕ್ಕರನ್ನು ಅದುಮಿ ಹಿಡಿದಳು. ಕೊಂದವರು ಯಾರು ಅಂತ ಅವಳಿಗೆ ಗೊತ್ತು. ಹೇಳಿದರೆ ಕೆಲಸ ಹೋಗುತ್ತದೆ, ಅದೂ ಗೊತ್ತು.

ಒಳಗೆ ಬಂದ ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು. "ಪಾಪ, ಮುಖ ಎಷ್ಟು ಶಾಂತವಾಗಿದೆ ನೋಡಿ."

ಮೂವರು ನರ್ಸುಗಳೂ ಒಟ್ಟಿಗೆ ಬೆಚ್ಚಿ ಅವಳತ್ತ ತಿರುಗಿದರು. ಏನು ತಪ್ಪಾಯಿತೋ ಅಂತ ಆಕೆ ಪೆಚ್ಚಾದಳು.

*

ಐಸಿಯುನಲ್ಲಿ ಆ ಪದ ಆಡಬಾರದು. 'ಇವತ್ತು ಶಾಂತವಾಗಿದೆ' ಅಂತ ಯಾರಾದರೂ ಬಾಯಿ ತಪ್ಪಿ ಅಂದರೆ ಸಾಕು, ಖಾಲಿ ಮಂಚಗಳೆಲ್ಲ ತುಂಬಿಕೊಳ್ಳುತ್ತವೆ ಅಂತ ನಂಬಿಕೆ. ಅಂದವರು ಎಲ್ಲರಿಗೂ ಟೀ ಕೊಡಿಸಬೇಕು. ಈ ದಂಡವನ್ನು ಶುರುಮಾಡಿದವಳು ದೊಡ್ಡಕ್ಕ. ವಸೂಲಿ ಮಾಡುತ್ತಿದ್ದವಳೂ ಅವಳೇ. ದೊಡ್ಡ ಡಾಕ್ಟರನ್ನೂ ಬಿಟ್ಟಿರಲಿಲ್ಲ.

ನಿನ್ನೆ ಮಧ್ಯಾಹ್ನ ಔಷಧಿ ಟ್ರಾಲಿ ಹಿಡಿದು ನಿಂತವಳು ಮೆಲ್ಲಗೆ ಅಂದಿದ್ದಳು, "ಪುಟ್ಟಿ, ಎದೆ ಹಿಂಡ್ತಾ ಇದೆ ಕಣೇ. ಒಂಚೂರು ನೋಡು."

ಡಾಕ್ಟರು ಮೂಲೆಯ ಮಂಚದಲ್ಲಿ ಒಬ್ಬ ಮುದುಕನ ಎದೆ ಒತ್ತುತ್ತಿದ್ದರು. ಪುಟ್ಟಿ ಅವಳನ್ನು ಖಾಲಿ ಮಂಚದಲ್ಲಿ ಮಲಗಿಸಿ, ಸ್ಟಿಕ್ಕರ್ ಅಂಟಿಸಿ ಮಾನಿಟರ್ ಹಾಕಿದಳು. ಗೆರೆ ಇಳಿಯಬೇಕಾದ ಕಡೆ ಇಳಿಯದೆ ಮೇಲೇ ನಿಂತಿತ್ತು, ಹೃದಯಾಘಾತದ ಗುರುತು. ಅಲಾರಂ ಬಡಿದುಕೊಳ್ಳತೊಡಗಿತು.

ಆಗ ಬಂದವಳು ನರ್ಸಿಂಗ್ ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ ಮೇಡಂ.

"ರೋಗಿ ಮಂಚದ ಮೇಲೆ ಸ್ಟಾಫ್ ಮಲಗೋದಾ? ಯಾರಾದ್ರೂ ನೋಡಿದ್ರೆ?"

"ಎದೆನೋವು ಮೇಡಂ. ಗೆರೆ ನೋಡಿ."

ಮೇಡಂ ನೋಡಿದಳು. ನೋಡಲಿಲ್ಲ ಅಂತ ಹೇಳುವ ಹಾಗಿಲ್ಲ, ಪರದೆಯ ಮುಂದೆಯೇ ನಿಂತಿದ್ದಳು. ಕೈ ಚಾಚಿ ಅಲಾರಂ ಬಂದ್ ಮಾಡಿದಳು.

"ಟೆನ್ಷನ್ನು. ರಜೆ ರಜೆ ಅಂತ ತಿಂಗಳಿಂದ ಇದೇ ಆಯ್ತು. ಈಗ ಇವಳನ್ನೂ ಬಿಟ್ರೆ ವಾರ್ಡು ಯಾರು ನೋಡ್ತಾರೆ? ಸ್ವಲ್ಪ ಶಾಂತ ಆಗ್ಲಿ, ಕೊಡೋಣ."

ಬೆವರಿನಲ್ಲಿ ತೊಯ್ದು ಮಲಗಿದ್ದ ದೊಡ್ಡಕ್ಕ ನಕ್ಕಳು. "ಇವತ್ತಿನ ಟೀ ನಿಮ್ದು, ಮೇಡಂ."

ಅಷ್ಟರಲ್ಲಿ ಎದುರಿನ ಮಂಚದ ಅಲಾರಂ ಕೂಗಿತು. ವೈರು, ಸ್ಟಿಕ್ಕರು ಕಿತ್ತುಹಾಕಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ದೊಡ್ಡಕ್ಕ ಎದ್ದು ಓಡಿದಳು. ಪಾಳಿ ಮುಗಿದ ಮೇಲೆ ಡಾಕ್ಟರಿಗೆ ತೋರಿಸುತ್ತೇನೆ ಅಂದಿದ್ದವಳು, ಮುಗಿಯುವಷ್ಟರಲ್ಲಿ ನಿಲ್ಲುವ ತ್ರಾಣವಿಲ್ಲದೆ ಮನೆಗೆ ಹೋಗಿಬಿಟ್ಟಳು.

*

ಮೇಡಂ ಆಸ್ಪತ್ರೆಯ ವ್ಯಾನಿನಲ್ಲಿ ಬಂದಳು. ಅವಳು ತಂದ ಹೂಚಕ್ರದ ಪಟ್ಟಿಯ ಮೇಲೆ ಆಸ್ಪತ್ರೆಯ ಹೆಸರು ಸತ್ತವಳ ಹೆಸರಿಗಿಂತ ದೊಡ್ಡದಾಗಿತ್ತು. ಒಳಗೆ ಅದನ್ನಿಟ್ಟು ಬಂದು ಗಂಡನ ಮುಂದೆ ಕೈಮುಗಿದಳು.

"ಅವರ ಆತ್ಮಕ್ಕೆ ಶಾಂತಿ ಸಿಗಲಿ. ನಮ್ಗೆ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು, ಹಾಗೇ ಬಿಡ್ತಿದ್ವಾ? ಮನೇಲಾದ್ರೂ ಹೇಳ್ಬಹುದಿತ್ತು."

"ಹೇಳಿದ್ಲು," ಅಂದ ಗಂಡ. "ನಾನೇ ಕೇಳಿಸ್ಕೊಳ್ಲಿಲ್ಲ." ದೊಡ್ಡಕ್ಕನ ಅಕ್ಕ ಮತ್ತೆ ಗೊಳೋ ಅಂತ ಅತ್ತಳು.

ಮೇಡಂ ಪುಟ್ಟಿಯ ಪಕ್ಕಕ್ಕೆ ಸರಿದು ದನಿ ತಗ್ಗಿಸಿದಳು. "ಮಧ್ಯಾಹ್ನ ಅವಳ ಪಾಳಿ ಖಾಲಿ ಇದೆ. ಸ್ಮಶಾನದಿಂದ ವ್ಯಾನ್ ಹೇಗೂ ಆಸ್ಪತ್ರೆಗೇ ವಾಪಸ್ ಹೋಗುತ್ತೆ, ನೀವು ಮೂವರೂ ಬಂದ್ಬಿಡಿ. ಒಂದಿನ ಅಡ್ಜಸ್ಟ್ ಮಾಡ್ಕೊಳ್ಳಿ."

ಪುಟ್ಟಿ ಜೇಬಿನಿಂದ ಸ್ಟಿಕ್ಕರ್ ತೆಗೆದು ಮೇಡಂ ಮುಖಕ್ಕೆ ಹಿಡಿದಳು.

"ಇದು ಗೊತ್ತಾ ಮೇಡಂ? ಅವಳ ಮೈ ಮೇಲಿತ್ತು, ಈಗ ಬಿಡಿಸ್ದೆ."

"ಇದೇನಿಲ್ಲಿ? ಹೊರಗೆ ಬಾ, ಮಾತಾಡೋಣ."

"ಇಲ್ಲೇ ಆಡ್ತೀನಿ!" ಅವಳ ದನಿ ಬೀದಿಗೆ ಕೇಳಿಸಿತು. "ಭಾವಾ, ಅವಳು ಕೇಳಿದ್ಲು. ನಿನ್ನೆ, ಇವರ ಮುಂದೇನೇ ಮಲಗಿ ಕೇಳಿದ್ಲು. ಹೃದಯ ಹಾಳಾಗ್ತಿರೋದು ಪರದೆ ಮೇಲೆ ಕಾಣ್ತಿತ್ತು. ಇವರು ಅಲಾರಂ ಬಾಯಿ ಮುಚ್ಚಿಸಿ ಕೆಲ್ಸಕ್ಕೆ ಕಳಿಸಿದ್ರು. ನಿಮ್ಮ ಬಿಸಿನೀರಿಂದ ಅಲ್ಲ ಅವಳು ಸತ್ತಿದ್ದು!"

"ನಾಳೆಯಿಂದ ನೀನು ಕೆಲ್ಸಕ್ಕೆ ಬರೋದು ಬೇಡ," ಅಂದಳು ಮೇಡಂ.

"ಬರಲ್ಲ. ಮಧ್ಯಾಹ್ನಾನೂ ಬರಲ್ಲ."

ಉಳಿದಿಬ್ಬರು ನರ್ಸುಗಳು ಪುಟ್ಟಿಯ ಎರಡೂ ಪಕ್ಕ ಬಂದು ನಿಂತರು. ಅಕ್ಕ ಅಳು ನಿಲ್ಲಿಸಿ ತಂಗಿಯ ಗಂಡನನ್ನು ನೋಡಿದಳು. ಅವನ ಪಕ್ಕ ಹೋಗಿ ಕೂತು ತೋಳು ಹಿಡಿದುಕೊಂಡಳು.

"ಹೆಣ ಸಾಗಿಸೋಕೆ ಅಂತಾನೇ ವ್ಯಾನ್ ತಂದಿದ್ದೀವಿ..." ಅಂದ ವ್ಯಾನಿನ ಜೊತೆ ಬಂದಿದ್ದ ಆಸ್ಪತ್ರೆಯವನೊಬ್ಬ.

"ನಿಮ್ಮ ಗಾಡೀಲಿ ಅವಳು ಇನ್ನು ಕೂರಲ್ಲ," ಅಂದ ಗಂಡ ಎದ್ದು ನಿಂತು. ಹೂಚಕ್ರವನ್ನು ತಂದು ವ್ಯಾನಿನೊಳಗೆ ಎಸೆದ. ಆಮೇಲೆ ಮನೆ ಮುಂದೆ ನಿಲ್ಲಿಸಿದ್ದ ತನ್ನ ಶಾಲಾ ಬಸ್ಸಿನ ಬಾಗಿಲು ತೆಗೆದ.

*

ದೊಡ್ಡಕ್ಕನನ್ನು ನಡುವಿನ ಓಡಾಡುವ ಜಾಗದಲ್ಲಿ ಉದ್ದಕ್ಕೆ ಮಲಗಿಸಿದರು. ಅಕ್ಕ ಅವಳ ತಲೆಯ ಹತ್ತಿರ ಕೂತಳು. ನರ್ಸುಗಳು ಮಕ್ಕಳ ಸೀಟುಗಳಲ್ಲಿ ಮೊಣಕಾಲು ಎದೆಗೊತ್ತಿಕೊಂಡು ಕೂತರು. ಬಸ್ಸು ಮೊದಲ ತಿರುವು ದಾಟುವಷ್ಟರಲ್ಲಿ ಪುಟ್ಟಿಯ ತಲೆ ಕಿಟಕಿಗೆ ವಾಲಿತು. ಇನ್ನೊಬ್ಬಳು ಅವಳ ಹೆಗಲಿಗೆ ಒರಗಿದಳು. ಮೂರನೆಯವಳು ಬಾಯಿ ತೆರೆದು ಗೊರಕೆ ಹೊಡೆಯತೊಡಗಿದಳು.

ಸ್ಮಶಾನದ ಗೇಟು ಬಂತು. ಗಂಡ ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿಯಲ್ಲಿ ಹಿಂದೆ ನೋಡಿದ. ಅಕ್ಕನೂ ಅವನನ್ನೇ ನೋಡುತ್ತಿದ್ದಳು. ನಿದ್ದೆಹೋದ ನರ್ಸುಗಳತ್ತ ಕಣ್ಣು ತೋರಿಸಿ, ಬೇಡ ಅನ್ನುವಂತೆ ತಲೆಯಾಡಿಸಿದಳು.

ಅವನು ಗೇಟು ದಾಟಿ ಮುಂದೆ ಹೋದ. ಊರ ಸುತ್ತಿನ ರಸ್ತೆ ಹಿಡಿದು, ಹಳ್ಳ ತಪ್ಪಿಸುತ್ತಾ, ನಡೆಯುವವನೂ ದಾಟಿ ಹೋಗುವಷ್ಟು ನಿಧಾನಕ್ಕೆ ಬಸ್ಸು ಓಡಿಸಿದ. ಹಿಂದೆ ಬಂದ ಲಾರಿಯವನು ತಾಳ್ಮೆಗೆಟ್ಟು ಹಾರ್ನ್ ಒತ್ತಿದ, ಮತ್ತೆ ಒತ್ತಿದ. ಗಂಡ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕುತ್ತಿಗೆಯ ನರ ಉಬ್ಬಿಸಿ, ದನಿ ಮಾತ್ರ ಏರಿಸದೆ ಬೈದ:

"ನಿಲ್ಸೋ ಲೋಫರ್! ಒಳಗೆ ಮಲಗಿದ್ದಾರೆ!"