ಕೆಂಪು ದಾರದ ಜಾಕೆಟ್‌ಗಳು

ಬೋಟು ಹತ್ತುವ ಜೆಟ್ಟಿಯಲ್ಲಿ ಅವಳನ್ನು ಎಲ್ಲರೂ ಮುಚ್ಚಳ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಅಕ್ಕನ ಗಂಡ. ಅಲ್ಲಿ ದೊಡ್ಡ ಬೋಟು ಓಡಿಸುವವನು ಅವನೇ. "ನನ್ನ ನಾದಿನಿ ಬಾಯಿಗೆ ಮುಚ್ಚಳ ಹಾಕಿ ಬಿಗಿದುಬಿಟ್ಟಿದ್ದಾರೆ. ತೆಗೆಯೋಕೆ ಸ್ಪ್ಯಾನರ್ರೇ ಬೇಕು" ಎಂದು ಹೇಳಿ ನಾಲ್ಕು ಜನರನ್ನು ನಗಿಸುತ್ತಿದ್ದ. ಅವಳೂ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು.

ಟಿಕೆಟ್ ಕೌಂಟರಿನ ಕೆಳಗಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಹರಿದ ಲೈಫ್ ಜಾಕೆಟ್ ಹೊಲಿಯುವುದು, ಕೊಳೆಯಾದದ್ದನ್ನು ತೊಳೆದು ಹಗ್ಗಕ್ಕೆ ಹರವುವುದು ಅವಳ ಕೆಲಸ. ಕೋಣೆಯ ಕಿಟಕಿ ನೆಲಮಟ್ಟಕ್ಕಿತ್ತು. ಊರು ನೋಡಲು ಬಂದವರ ಕಾಲುಗಳಷ್ಟೇ ಅವಳಿಗೆ ಕಾಣುತ್ತಿದ್ದವು. ಜಗಳವಾಡಿಕೊಂಡು ಬಂದವರ ಚಪ್ಪಲಿಗಳು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಮಕ್ಕಳ ಶೂಗಳಂತೂ ನಿಂತಲ್ಲಿ ನಿಲ್ಲುವುದೇ ಇಲ್ಲ.

ಮೇಲಿನ ಕೋಣೆಯಲ್ಲಿ ಮೈಕಿನವರು ಬೆಳಗಿನಿಂದ ಸಂಜೆವರೆಗೆ ಒಂದೇ ಪಾಠ ಒಪ್ಪಿಸುತ್ತಿದ್ದರು. "ನಮ್ಮ ಸರೋವರದಲ್ಲಿ ನೋಡಲೇಬೇಕಾದ ಐದು ಸ್ಥಳಗಳು! ಗಡಿಯಾರ ಗೋಪುರ, ತೂಗುಸೇತುವೆ, ನೂರಡಿ ಕಾರಂಜಿ, ನಡುಗಡ್ಡೆಯ ಅರಮನೆ, ಹಕ್ಕಿಗಳ ದ್ವೀಪ!" ಐದೂ ಅವಳಿಗೆ ಬಾಯಿಪಾಠ. ಒಂದನ್ನೂ ಹತ್ತಿರದಿಂದ ನೋಡಿರಲಿಲ್ಲ. ಹಕ್ಕಿಗಳ ದ್ವೀಪದ ಹಿಂದೆ ನೀರು ಆಳ, ಗಾಳಿ ಜೋರು, ಅಲ್ಲಿಗೆ ಮೈಕಿನ ಸದ್ದೂ ಮುಟ್ಟುವುದಿಲ್ಲ ಎಂದು ಭಾವ ಊಟದ ಹೊತ್ತಿನಲ್ಲಿ ಹೇಳಿದ್ದನ್ನು ಕೇಳಿದ್ದಳು, ಅಷ್ಟೆ.

ಆ ವಾರ ಬೋಟಿಂಗಿನ ಗುತ್ತಿಗೆದಾರ ಒಂದು ಮೂಟೆ ಸ್ಪಂಜು ತಂದು ಹಾಕಿದ. ಹಳೇ ಸೋಫಾಗಳ ಹೊಟ್ಟೆಯಿಂದ ಕಿತ್ತದ್ದು. ಒಳಗಿನ ತುಂಡುಗಳು ಪುಡಿಯಾದ ಜಾಕೆಟ್‌ಗಳಿಗೆ ಇದನ್ನೇ ತುಂಬು ಎಂದ. ಹನ್ನೊಂದು ಜಾಕೆಟ್‌ಗಳಿಗೆ ತುಂಬಿ ಹೊಲಿದಳು. ತೊಳೆಯಲು ತೊಟ್ಟಿಗೆ ಹಾಕಿದರೆ, ಮೊದಲು ತೇಲಿದ ಜಾಕೆಟ್ ನೋಡುನೋಡುತ್ತಲೇ ನೀರು ಕುಡಿದು ತಳಕ್ಕೆ ಕೂತುಬಿಟ್ಟಿತು. ಎತ್ತಲು ಎರಡೂ ಕೈ ಬೇಕಾಯಿತು.

ನೀರು ಸುರಿಯುವ ಜಾಕೆಟನ್ನು ಎದೆಗೊತ್ತಿಕೊಂಡು ಗುತ್ತಿಗೆದಾರನ ಮುಂದೆ ಹೋಗಿ ನಿಂತಳು. ಮಾತು ಹೊರಡಲಿಲ್ಲ. ಅವನಿಗೆ ಮಾತು ಬೇಕಾಗಿಯೂ ಇರಲಿಲ್ಲ.

"ಬಿದ್ರೆ ತಾನೇ ಮುಳುಗೋದು? ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ಬಿದ್ದಿದ್ದಾನಾ? ಇದೆಲ್ಲ ಫೋಟೋಗಮ್ಮ, ಫೋಟೋಗೆ. ಬಣ್ಣ ಚೆನ್ನಾಗಿ ಕಂಡ್ರೆ ಸಾಕು. ಹೋಗು, ಒಣಗಿಸು."

ಒಣಗಿಸಿದಳು. ಆದರೆ ಮನಸ್ಸು ತಡೆಯದೆ ಆ ಹನ್ನೊಂದರ ಭುಜಕ್ಕೂ ಕೆಂಪು ದಾರದಲ್ಲಿ ಮೂರು ಮೂರು ಹೊಲಿಗೆ ಹಾಕಿದಳು. ಶನಿವಾರ ಸಂಜೆ ಜಾಕೆಟ್ ಒಯ್ಯಲು ಬಂದ ಭಾವನಿಗೆ, ಅವನ ಮುಖ ನೋಡದೆ, "ಕೆಂಪು ದಾರದ್ದು ಬೇರೆ ಇಡಿ ಭಾವ" ಎಂದಳು. ಯಾಕೆ ಎಂದೂ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಪಕ್ಕದ ಬೋಟಿನವರು ಒಳಗೆ ಬಂದರು. ಅವಳು ಸೂಜಿಗೆ ದಾರ ಪೋಣಿಸತೊಡಗಿದಳು.

"ಆಗ್ಲಿ ಮಹಾರಾಯ್ತಿ, ನೀನು ಬಾಯಿ ಬಿಟ್ಟಿದ್ದೇ ಹೆಚ್ಚು" ಎಂದು ಭಾವ ನಗುತ್ತಾ ಹೋದ.

ಅವನು ಅವಳು ಹೇಳಿದಂತೆಯೇ ಬೇರೆ ಇಟ್ಟ. ಅದು ಅವಳಿಗೆ ತಿಳಿದದ್ದು ಮರುದಿನ, ಭಾನುವಾರ. ಕಿಟಕಿಯ ಮುಂದೆ ಪುಟ್ಟ ಶೂಗಳ ಗುಂಪು ಕುಣಿಯುತ್ತಿತ್ತು. ಲೇಸು ಕಟ್ಟಿಕೊಳ್ಳಲು ಒಂದು ಮಗು ಬಗ್ಗಿತು. ಅದರ ಭುಜದ ಮೇಲೆ ಮೂರು ಕೆಂಪು ಹೊಲಿಗೆ.

"ಚಿಕ್ಕವರೆಲ್ಲ ಈ ಕಡೆ ಬನ್ನಿ!" ಭಾವನ ದನಿ ಕೇಳಿಸಿತು. "ಕೆಂಪು ದಾರದ್ದು ಸ್ಪೆಷಲ್. ನನ್ನ ನಾದಿನಿ ಈಗ್ತಾನೇ ರಿಪೇರಿ ಮಾಡಿ ಕೊಟ್ಟಿರೋದು. ಮಕ್ಕಳಿಗೇ ಅಂತ ಎತ್ತಿಟ್ಟಿದ್ದೀನಿ!"

ಅವಳು ಮೆಟ್ಟಿಲು ಹತ್ತಿ ಓಡಿ ಬರುವಷ್ಟರಲ್ಲಿ ಬೋಟು ಹೊರಟಾಗಿತ್ತು. "ಭಾವ" ಎಂದಳು. ಎಂಜಿನ್ನು ಆ ಮಾತನ್ನು ನುಂಗಿಹಾಕಿತು. ಏನು ಮಾಡಬೇಕೆಂದು ತೋಚದೆ ಮತ್ತೆ ಮೇಲಕ್ಕೆ, ಮೈಕಿನವರ ಕೋಣೆಗೇ ಓಡಿದಳು.

"ಅರೆ, ಮುಚ್ಚಳ! ಇಲ್ಲೇನಮ್ಮ ನಿನಗೆ ಕೆಲಸ?"

ಅವಳು ಹೇಳಿದಳು. ಬರೀ ತುಟಿ ಅಲುಗಿತು.

"ಜೋರಾಗಿ ಹೇಳು ತಾಯಿ. ಈ ಮೈಕಿನ ಸಹವಾಸದಿಂದ ನನ್ನ ಎರಡು ಕಿವೀನೂ ಹೋಗಿವೆ."

ಕಿಟಕಿಯಾಚೆ ಬೋಟು ಗೋಪುರ ದಾಟಿತ್ತು, ಸೇತುವೆ ದಾಟಿತ್ತು. ಕಾರಂಜಿಯನ್ನು ಸುತ್ತಿ ಅರಮನೆಯ ಕಡೆ ತಿರುಗುತ್ತಿತ್ತು. ಆಮೇಲೆ ಹಕ್ಕಿಗಳ ದ್ವೀಪ. ಅವಳು ಅವರ ಕೈಯಿಂದ ಮೈಕನ್ನು ಕಿತ್ತುಕೊಂಡಳು.

"ಭಾವ."

ದಡದುದ್ದಕ್ಕೂ ಕಂಬಗಳ ಮೇಲಿದ್ದ ಅಷ್ಟೂ ಧ್ವನಿವರ್ಧಕಗಳಿಂದ ಅವಳ ದನಿ ಅವಳಿಗೇ ವಾಪಸು ಬಂತು. ಯಾರದೋ ದನಿ ಎನ್ನಿಸಿತು.

"ಭಾವ, ಬೋಟ್ ತಿರುಗಿಸಿ. ಮಕ್ಕಳಿಗೆ ಹಾಕಿರೋ ಜಾಕೆಟ್ ತೇಲಲ್ಲ. ಕೆಂಪು ದಾರದ್ದು ಒಂದೂ ತೇಲಲ್ಲ."

ಬೋಟು ಅರಮನೆಯ ಮುಂದೆ ನಿಂತಿತು. ಮಕ್ಕಳ ಕಡೆಗೆ ದೊಡ್ಡವರೆಲ್ಲ ಒಟ್ಟಿಗೆ ಎದ್ದರು. ಬೋಟು ಒಂದು ಪಕ್ಕಕ್ಕೆ ವಾಲಿತು. ನನ್ನ ಮಾತೇ ಅವರನ್ನು ಮುಳುಗಿಸಿತು ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ತೆರೆದಾಗ ಬೋಟು ದಡದ ಕಡೆಗೆ ಮೂತಿ ತಿರುಗಿಸಿತ್ತು.

ಜೆಟ್ಟಿಯಲ್ಲಿ ಜನ ಭಾವನ ಕಾಲರು ಹಿಡಿದಿದ್ದರು. ಗುತ್ತಿಗೆದಾರ ನಗುನಗುತ್ತಾ ಬಂದವನು, ಹಗ್ಗದ ಮೇಲಿಂದ ಒಂದು ಜಾಕೆಟ್ ಎಳೆದು ನೀರಿಗೆಸೆದ. "ನೋಡ್ರಪ್ಪ, ಕಣ್ತುಂಬ ನೋಡಿ! ಮುಳುಗ್ತಾ?"

ಅದು ತೇಲಿತು. ಅದರ ಭುಜದಲ್ಲಿ ಕೆಂಪು ದಾರವಿರಲಿಲ್ಲ.

"ಅದಲ್ಲ" ಎಂದಳು ಮೈಕಿನ ಕೋಣೆಯಿಂದ ಇಳಿದು ಬಂದಿದ್ದ ಅವಳು. ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

"ಪಾಪ, ಆ ಹುಡುಗಿಗೆ ತಲೆ ನೆಟ್ಟಗಿಲ್ಲ" ಎಂದ ಗುತ್ತಿಗೆದಾರ. ಜನ ನಕ್ಕರು. ಭಯ ಇಳಿದವರು ನಗುವ ನಗು. ಭಾವ ಕೆಂಪು ದಾರದ ಜಾಕೆಟೊಂದನ್ನು ಎತ್ತಿಕೊಂಡು ಮುಂದೆ ಹೆಜ್ಜೆಯಿಟ್ಟ. ಗುತ್ತಿಗೆದಾರ ಅವನ ಹೆಗಲ ಮೇಲೆ ಕೈ ಹಾಕಿ ತಗ್ಗಿದ ದನಿಯಲ್ಲಿ, "ಮಕ್ಕಳಿಗೆ ಹಾಕಿದ್ದು ಯಾರ ಕೈ? ಒಳಗೆ ಹೋಗೋನು ನೀನೇ, ನೆನಪಿರಲಿ" ಎಂದ. ಭಾವನ ಕೈಯಿಂದ ಜಾಕೆಟ್ ಜಾರಿತು. ಮುಂದಿನ ಬೋಟಿಗೆ ಸಾಲು ಬೆಳೆಯತೊಡಗಿತು.

ಆ ದಿನವೇ ಇಬ್ಬರ ಕೆಲಸವೂ ಹೋಯಿತು. ಮನೆಯಲ್ಲಿ ಅಕ್ಕ ಅವಳ ಮುಂದೆ ತಟ್ಟೆ ಕುಕ್ಕಿ, "ನಿನ್ನೆನೇ ನೆಟ್ಟಗೆ ಹೇಳಿದ್ರೆ ಏನು ಗಂಟು ಹೋಗ್ತಿತ್ತೇ ನಿಂಗೆ?" ಎಂದಳು.

"ಬಿಡೇ ಅವಳನ್ನ" ಎಂದ ಭಾವ. ಗೋಡೆಗೊರಗಿ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. "ಹುಡುಕಿ ಹುಡುಕಿ ಹಾಕ್ದೆ ಕಣೇ. ಚಿಕ್ಕವರನ್ನೇ ನೋಡಿ."

ಮರುದಿನ ಬೆಳಿಗ್ಗೆ ಅವಳು ತನ್ನ ಕತ್ತರಿ ತರಲು ಹೋದಳು. ಹಗ್ಗದ ಮೇಲೆ ಜಾಕೆಟ್‌ಗಳು ಸಾಲಾಗಿ ತೂಗುತ್ತಿದ್ದವು. ಕೆಂಪು ದಾರ ಒಂದರಲ್ಲೂ ಇರಲಿಲ್ಲ. ಯಾರೋ ಬ್ಲೇಡಿನಿಂದ ಕೊಯ್ದು ಕಿತ್ತಿದ್ದರು. ಚೂರುಗಳು ಕೆಳಗೆ ನೆಲದ ಮೇಲೆ ಬಿದ್ದಿದ್ದವು. ಅವಳು ಒಂದೊಂದನ್ನೇ ಒತ್ತಿ ನೋಡಿದಳು, ಎತ್ತಿ ತೂಗಿ ನೋಡಿದಳು. ಒಣಗಿದ ಮೇಲೆ ಎಲ್ಲವೂ ಒಂದೇ ತೂಕ. ಹಳೇ ಬಟ್ಟೆಯ ತುಂಬಾ ಅವಳದೇ ಸೂಜಿಯ ತೂತುಗಳು.

ಒಬ್ಬ ಹೆಂಗಸು ಬಂದು, ಹಗ್ಗದಿಂದ ಒಂದನ್ನು ಎಳೆದು ಮಗಳಿಗೆ ತೊಡಿಸತೊಡಗಿದಳು.

"ಅದು ಬೇಡ." ಮಾತು ಸ್ಪಷ್ಟವಾಗಿ, ಜೋರಾಗಿಯೇ ಬಂತು.

"ಯಾಕಮ್ಮ? ಮತ್ತೆ ಯಾವುದು ಹಾಕ್ಲಿ?"

ಅವಳು ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಗೊತ್ತಿಲ್ಲ" ಎಂದಳು. "ಬೋಟೇ ಬೇಡ. ಹೋಗ್ಬೇಡಿ."

"ನಿನ್ನೆ ಮೈಕಲ್ಲಿ ಕಿರುಚಾಡಿದವಳು ಇವಳೇ ಮೇಡಂ, ತಲೆ ಕೆಡಿಸ್ಕೋಬೇಡಿ" ಎಂದ ಹೊಸ ಚಾಲಕ. ಹೆಂಗಸು ಮಗಳನ್ನು ಅವಳಿಂದ ಒಂದಿಷ್ಟು ದೂರಕ್ಕೆ ಎಳೆದುಕೊಂಡು, ಜಾಕೆಟಿನ ಪಟ್ಟಿ ಬಿಗಿದಳು. ಕ್ಲಿಪ್ಪು ಟಕ್ಕೆಂದು ಕೂತಿತು. ಹೋದ ವಾರವಷ್ಟೇ ಅವಳು ಕೂತು ಹೊಲಿದ ಕ್ಲಿಪ್ಪು. ಗಟ್ಟಿಯಾಗಿತ್ತು.