ಪರದೆಯ ಆಕಾಶ

ಮೊದಲ ಲಾರಿ ಗೋದಾಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಾಗ ಶಿವಲೀಲಾ ತಾನು ಬರೆಯುತ್ತಿದ್ದ ಅರಮನೆಯ ಕೊನೆಯ ಕಂಬಕ್ಕೆ ಬಣ್ಣ ಹಚ್ಚುತ್ತಿದ್ದಳು. ಮೆಕ್ಕೆಜೋಳ ಮುಂದಿನ ವಾರ ಬರುತ್ತದೆ ಎಂದಿದ್ದರು; ಇವತ್ತೇ ಬಂದಿತ್ತು. ಗೋಡೆಗೆ ಬಿಗಿದ ನಾಟಕದ ಪರದೆಯ ಮೇಲರ್ಧ ಇನ್ನೂ ಬರೀ ಬಿಳಿ.

ಪರದೆಯನ್ನು ಆಕಾಶದಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಮೇಲಿನ ಬಣ್ಣ ಸೋರಿ ಕೆಳಗಿನ ಚಿತ್ರ ಕೆಡುತ್ತದೆ. ಪರದೆ ಬರೆಯುತ್ತಿದ್ದ ಅಪ್ಪ ಕೊಟ್ರಬಸಪ್ಪ ತನ್ನ ಕೈ ನಡುಗತೊಡಗುವ ಮೊದಲೇ ಇದನ್ನು ಕಲಿಸಿದ್ದ. ಆದರೆ ಕೊಪ್ಪಳದ ಹಮಾಲರ ಸಂಘದವರು ಪರದೆ ಬಿಗಿಯಲು ಈ ಎತ್ತರದ ಗೋಡೆ ಬಿಟ್ಟುಕೊಟ್ಟ ದಿನ, ಅಷ್ಟು ಗಂಡಸರ ಎದುರು ಸೀರೆಯಲ್ಲಿ ಏಣಿ ಹತ್ತಲು ಅವಳಿಗೆ ಸಂಕೋಚವಾಯಿತು. ನಾಳೆ ಹತ್ತಿದರಾಯಿತೆಂದು ಕೆಳಗಿನ ಮೆಟ್ಟಿಲು ಬರೆಯಲು ಕೂತಳು. ಆ ನಾಳೆ ಬರಲೇ ಇಲ್ಲ.

ಅವಳು ಒಬ್ಬಳೇ ಒಪ್ಪಿಕೊಂಡ ಮೊದಲ ಪರದೆ ಅದು. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯ ನಾಟಕದವರು ಅನುಮಾನಿಸುತ್ತಲೇ ಕೊಟ್ಟಿದ್ದರು. ಬಣ್ಣ ಹಸಿಯಿದ್ದಾಗ ಬಿಚ್ಚಿ ಮಡಚಿದರೆ ಅರಮನೆಯೆಲ್ಲ ಅಂಟಿಕೊಂಡು ಹಾಳಾಗುತ್ತದೆ.

ಕಾಳು ಹಸನು ಮಾಡುವ ಸರ್ದಾರಬೀ ಮೊರ ಹಿಡಿದುಕೊಂಡು ಬಂದು ನಿಂತಳು. "ಯವ್ವಾ, ಏನಿದು? ರಾಜನ ಮನಿ ಮ್ಯಾಲ ಮುಗಲ ಇಲ್ಲಲ್ಲ? ಮಳಿ ಎಲ್ಲಿಂದ ಬರಬೇಕು?"

ಹಮಾಲರು ನಕ್ಕರು. ಶಿವಲೀಲಾ ತಲೆಯೆತ್ತಲಿಲ್ಲ.

ಸಂಘದ ಹಿರಿಯ ಕಲ್ಲೇಶ ಮುಂದೆ ಬಂದ. "ತಂಗಿ, ಪರದೆ ಬಿಚ್ಚೂಣೇನ? ಚೀಲ ಹಚ್ಚಿದ್ರ ಇಲ್ಲಿ ಏಣಿ ಇಡಾಕ ಜಾಗ ಉಳಿಯಂಗಿಲ್ಲ."

"ಬಿಚ್ಚಬ್ಯಾಡ್ರಿ ಅಣ್ಣಾ." ದನಿ ಅವಳಿಗೇ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದಳು. "ಬಿಚ್ಚಬ್ಯಾಡ್ರಿ."

"ಮತ್ತ ಮ್ಯಾಲಿಂದು ಇಷ್ಟು ದಿನ ಯಾಕ ಬರೀಲಿಲ್ಲ?"

ಅವಳು ಏಣಿಯನ್ನು ನೋಡಿ ಸೀರೆಯ ನೆರಿಗೆ ಹಿಡಿದುಕೊಂಡಳು. ಸರ್ದಾರಬೀಗೆ ಅಷ್ಟು ಸಾಕಾಯಿತು. "ನೀವು ಬಾಯಿ ತಕ್ಕೊಂಡು ಮ್ಯಾಲ ನೋಡಕೋತ ನಿಂತ್ರ ಪಾಪ, ಆಕಿ ಹೆಂಗ ಹತ್ತಬೇಕೋ?"

ಯಾರೂ ನಗಲಿಲ್ಲ. ಸಂಘದಲ್ಲಿ ಅರ್ಧ ಮಂದಿ ನಾಟಕದ ಹುಚ್ಚಿನವರು. ಕಲ್ಲೇಶ ಅವಳ ಅಪ್ಪನ ಪರದೆಯ ಮುಂದೆ ಎಷ್ಟೋ ಸಲ ರಾಜನಾಗಿ ನಿಂತವನು. ತಲೆಯ ಟವೆಲ್ಲು ಬಿಚ್ಚಿ ಮತ್ತೆ ಸುತ್ತಿಕೊಂಡು ಲಾರಿಯ ಕಡೆ ತಿರುಗಿದ.

"ಮೊದಲಿನ ಚೀಲ ಇಲ್ಲಿ ತರ್ರಿ. ಗ್ವಾಡಿಗೆ ಒಂದು ಮೊಳ ಬಿಟ್ಟು ಹಚ್ಚರಿ. ಮೆಟ್ಟಲದಂಗ ಏರಸ್ಕೋತ ಹೋಗ್ರಿ. ಮ್ಯಾಲ ಯಾಂವರ ನೋಡಿದ್ರ, ಅವಂಗ ಈ ಸಲ ನಮ್ಮ ನಾಟಕದಾಗ ಪಾರ್ಟ್ ಇಲ್ಲ."

ಚೀಲದ ಮೆಟ್ಟಿಲುಗಳು ಪರದೆಯ ಬಿಳಿಯ ತನಕ ಎದ್ದವು. ಸರ್ದಾರಬೀ ಸೀರೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಹತ್ತಿದಳು. ಶಿವಲೀಲಾ ನೀಲಿಯ ಡಬ್ಬಿ ಹಿಡಿದು ಅವಳ ಹಿಂದೆ ಹೋದಳು.

ಕೆಳಗೆ ಹಮಾಲರು ನೆಲ ನೋಡುತ್ತ ಚೀಲ ಹೊತ್ತು ಬರುತ್ತಿದ್ದರು. ಮೇಲೆ ಸರ್ದಾರಬೀ, ಸೋರುವ ಬಣ್ಣ ಅರಮನೆಯ ಶಿಖರಕ್ಕೆ ತಾಗದಂತೆ, ತನ್ನ ಮೊರವನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಅದರಲ್ಲಿ ಒಂದು ನೀಲಿ ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.